ಕ್ಲಾಸ್ ಆರಿಸುವ ಸ್ಕ್ರೀನಿನಲ್ಲೇ ನಿಂತುಬಿಟ್ಟವರಿಗೆ: ಒಬ್ಬರೇ ಆಡುವ ಆರ್‌ಪಿಜಿ ಮಾರ್ಗದರ್ಶಿ

ಹೊಸ ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕಥೆಯೊಳಗೆ ಆಡುವ ಗೇಮ್, ಶುರು ಮಾಡಿದ್ದೀರಿ. ಮೊದಲ ವಿಡಿಯೊ ಮುಗಿದಿದೆ. ಈಗ ಸ್ಕ್ರೀನ್ ಮೇಲೆ ಹತ್ತೋ ಹನ್ನೆರಡೋ ಕ್ಲಾಸುಗಳು, ಅಂದರೆ ನಿಮ್ಮ ಪಾತ್ರದ ಬಗೆಗಳು, ಸಾಲಾಗಿ ನಿಂತಿವೆ. ಒಂದೊಂದಕ್ಕೂ ಚೆಂದದ ಚಿತ್ರ, ಎರಡು ಸಾಲಿನ ವರ್ಣನೆ. ಎಲ್ಲವೂ ಚೆನ್ನಾಗೇ ಕಾಣುತ್ತವೆ. ಒಂದನ್ನು ಒತ್ತಿದರೆ ಉಳಿದ ಹನ್ನೊಂದು ಕೈತಪ್ಪುತ್ತವಲ್ಲ ಅನ್ನೋ ಚಿಂತೆ ಬೇರೆ.

ಇಲ್ಲಿ ಹೆಚ್ಚಿನವರು ಮಾಡುವ ಕೆಲಸ ಗೊತ್ತೇ ಇದೆ. ಗೇಮನ್ನು ಪಕ್ಕಕ್ಕೆ ಸರಿಸಿ 'ಬೆಸ್ಟ್ ಕ್ಲಾಸ್' ಅಂತ ಹುಡುಕುತ್ತಾರೆ. ಕ್ಲಾಸುಗಳನ್ನು ಬಲದ ಪ್ರಕಾರ ಮೇಲೆ ಕೆಳಗೆ ಜೋಡಿಸಿದ ಒಂದು ಟಿಯರ್ ಲಿಸ್ಟ್ ಸಿಗುತ್ತದೆ. ಅದರಲ್ಲಿ ಎಲ್ಲಕ್ಕಿಂತ ಮೇಲಿರುವುದನ್ನು ಆರಿಸಿಕೊಂಡು ಹೊರಡುತ್ತಾರೆ. ಹತ್ತು ಗಂಟೆ ಆಡಿದ ಮೇಲೆ ಯಾಕೋ ಬೇಜಾರು ಬರುತ್ತದೆ, ಗೇಮ್ ಮೂಲೆ ಸೇರುತ್ತದೆ.

ಆ ಪಟ್ಟಿಗಳು ಸುಳ್ಳು ಹೇಳುವುದಿಲ್ಲ. ಆದರೆ ಅವನ್ನು ಮಾಡುವವರು ಆ ಗೇಮನ್ನು ಆಗಲೇ ಅರೆದು ಕುಡಿದವರು. ಅತಿ ಕಷ್ಟದ ಮಟ್ಟದಲ್ಲಿ, ಎಲ್ಲ ಆಯುಧ ಎಲ್ಲಿದೆ ಅಂತ ಗೊತ್ತಿದ್ದುಕೊಂಡು ಆಡುವವರು. ನಿಮಗೆ ಆ ಪರಿಸ್ಥಿತಿ ಇಲ್ಲ. ಒಬ್ಬರೇ ಆಡುವಾಗ ನಿಮ್ಮಿಂದ ಯಾರ ತಂಡವೂ ಸೋಲುವುದಿಲ್ಲ. ಎದುರಿಗೆ ಇನ್ನೊಬ್ಬ ಆಟಗಾರ ಇಲ್ಲ. ಸಾಧಾರಣ ಮಟ್ಟದಲ್ಲಿ ಹೆಚ್ಚು ಕಡಿಮೆ ಯಾವ ಕ್ಲಾಸಿನಲ್ಲಾದರೂ ಗೇಮ್ ಮುಗಿಸಬಹುದು. ಹಾಗಾಗಿ ಯಾವುದು ಬಲಶಾಲಿ ಅಂತ ಕೇಳುವುದಕ್ಕಿಂತ, ಮುಂದಿನ ಐವತ್ತು ಅರವತ್ತು ಗಂಟೆ ನನ್ನ ಕೈ ಏನು ಮಾಡುತ್ತಿರಬೇಕು ಅಂತ ಕೇಳಿಕೊಳ್ಳಿ. ಈ ಲೇಖನ ಪೂರ್ತಿ ಅದರ ಸುತ್ತಲೇ ಇದೆ.

ಹೆಜ್ಜೆ 1: ಆಮೇಲೆ ಬದಲಾಯಿಸಬಹುದಾ ಅಂತ ನೋಡಿ

ಎಷ್ಟು ತಲೆಕೆಡಿಸಿಕೊಳ್ಳಬೇಕು ಅನ್ನೋದು ಇದರ ಮೇಲೇ ನಿಂತಿದೆ. ಗೇಮಿನ ಹೆಸರಿನ ಜೊತೆ 'ರೆಸ್ಪೆಕ್' (ಮಾಡಿದ ಆಯ್ಕೆಗಳನ್ನು ಅಳಿಸಿ ಮತ್ತೆ ಆರಿಸುವುದು) ಅಂತ ಸೇರಿಸಿ ಹುಡುಕಿ. ಎರಡು ನಿಮಿಷದ ಕೆಲಸ.

ಕೆಲವು ಗೇಮುಗಳಲ್ಲಿ ಕ್ಲಾಸ್ ಅಂದರೆ ಪೆನ್ಸಿಲಿನಲ್ಲಿ ಬರೆದ ಹಾಗೆ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಇದಕ್ಕೆ ಒಳ್ಳೇ ಉದಾಹರಣೆ. 12 ಕ್ಲಾಸುಗಳಿವೆ, ನೋಡಿದರೆ ಗಾಬರಿ ಆಗುತ್ತದೆ. ಆದರೆ ಮೊದಲ ಭಾಗದಲ್ಲೇ ವಿದರ್ಸ್ ಅನ್ನೋ ಪಾತ್ರ ನಿಮ್ಮ ಕ್ಯಾಂಪಿಗೆ ಬಂದು ಸೇರುತ್ತದೆ. ಗೇಮಿನೊಳಗಿನ 100 ಗೋಲ್ಡ್ ಕೊಟ್ಟರೆ ಕ್ಲಾಸು, ಸ್ಟ್ಯಾಟು (ಬಲ, ಚುರುಕು ಮುಂತಾದವಕ್ಕೆ ಕೊಡುವ ಅಂಕಿಗಳು) ಎಲ್ಲವನ್ನೂ ಹೊಸದಾಗಿ ಆರಿಸಬಹುದು. ಎಷ್ಟು ಸಲ ಬೇಕಾದರೂ ಸರಿ. ನೀವು ಎಲ್ಫಾ, ಡ್ವಾರ್ಫಾ ಅನ್ನೋ ರೇಸ್ (ಕುಲ) ಮಾತ್ರ ಬದಲಾಗುವುದಿಲ್ಲ. ಅಂದರೆ ಆ ಗೇಮಿನಲ್ಲಿ ಕ್ಲಾಸಿಗಿಂತ ರೇಸ್ ಆರಿಸುವಾಗಲೇ ಜಾಸ್ತಿ ಯೋಚಿಸಬೇಕು. ಅದೇ ಸ್ಟುಡಿಯೊದ 2017ರ ಡಿವಿನಿಟಿ: ಒರಿಜಿನಲ್ ಸಿನ್ 2ರಲ್ಲೂ ಹೀಗೇ. ಮೊದಲ ದ್ವೀಪ ದಾಟಿ ಹಡಗು ಹತ್ತಿದ ಮೇಲೆ ಒಂದು ಮಾಯಾ ಕನ್ನಡಿ ಸಿಗುತ್ತದೆ. ಅದರ ಮುಂದೆ ನಿಂತು ಪುಕ್ಕಟೆ ಎಲ್ಲ ಅಳಿಸಿ ಬರೆಯಬಹುದು.

ಕೆಲವು ಗೇಮುಗಳು ಅರ್ಧ ಬಾಗಿಲು ತೆರೆದಿಡುತ್ತವೆ. 2022ರ ಎಲ್ಡನ್ ರಿಂಗ್‌ನಲ್ಲಿ ರೆನಾಲಾ ಅನ್ನೋ ಬಾಸನ್ನು (ದೊಡ್ಡ ಶತ್ರುವನ್ನು) ಸೋಲಿಸಿದ ಮೇಲೆ ಸ್ಟ್ಯಾಟುಗಳನ್ನು ಮತ್ತೆ ಹಂಚಬಹುದು. ಆದರೆ ಪ್ರತಿ ಸಲಕ್ಕೂ ಲಾರ್ವಲ್ ಟಿಯರ್ ಅನ್ನೋ ಒಂದು ವಸ್ತು ಖರ್ಚಾಗುತ್ತದೆ. ಅವು ಲೆಕ್ಕದಲ್ಲಿ ಮಾತ್ರ ಸಿಗುತ್ತವೆ. ಇನ್ನೊಂದು ಕಟ್ಟುಪಾಡೂ ಇದೆ. ನಿಮ್ಮ ಕ್ಲಾಸಿನ ಶುರುವಿನ ಅಂಕಿಗಳಿಗಿಂತ ಕೆಳಗೆ ಇಳಿಯಲು ಬಿಡುವುದಿಲ್ಲ.

ಇನ್ನು ಪೂರ್ತಿ ಬೀಗ ಹಾಕುವ ಗೇಮುಗಳು. 2009ರ ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ವಾರಿಯರ್ (ಯೋಧ), ರೋಗ್ (ಕಳ್ಳ), ಮೇಜ್ (ಮಂತ್ರವಾದಿ) ಅಂತ ಮೂರೇ ಕ್ಲಾಸು. ಆರಿಸಿದ್ದನ್ನು ಕೊನೆವರೆಗೂ ಬಿಡುವ ಹಾಗಿಲ್ಲ. 2011ರ ಡಾರ್ಕ್ ಸೋಲ್ಸ್‌ನಲ್ಲಿ ಒಮ್ಮೆ ಹಾಕಿದ ಪಾಯಿಂಟ್ ವಾಪಸ್ ಬರುವುದಿಲ್ಲ. ನೀವು ಆಡುತ್ತಿರುವುದು ಈ ಜಾತಿಯ ಗೇಮ್ ಆದರೆ ಮುಂದಿನ ಹೆಜ್ಜೆಗಳನ್ನು ನಿಧಾನವಾಗಿ ಓದಿ. ಮೊದಲನೆಯ ಬಗೆ ಆದರೆ ಎರಡನೇ ಹೆಜ್ಜೆ ಓದಿ ಹೊರಟುಬಿಡಿ, ತೊಂದರೆ ಇಲ್ಲ.

ಹಳೇ ಲೇಖನ ಓದುವಾಗ ತಾರೀಕು ನೋಡಿಕೊಳ್ಳಿ. 2000ದಲ್ಲಿ ಬಂದ ಡಯಾಬ್ಲೊ 2ರಲ್ಲಿ ಸ್ಕಿಲ್ ಪಾಯಿಂಟ್ ತಪ್ಪಾದರೆ ಹೊಸ ಕ್ಯಾರೆಕ್ಟರೇ ಗತಿಯಾಗಿತ್ತು. 2010ರ 1.13 ಪ್ಯಾಚಿನಲ್ಲಿ (ಗೇಮಿನ ತಿದ್ದುಪಡಿಯಲ್ಲಿ) ಅದಕ್ಕೆ ದಾರಿ ಮಾಡಿಕೊಟ್ಟರು. ಅದಕ್ಕೂ ಮುಂಚಿನ ಬರಹಗಳು ಹೆದರಿಸುವಷ್ಟು ಈಗ ಹೆದರಬೇಕಾಗಿಲ್ಲ.

ಹೆಜ್ಜೆ 2: ಕೈಗೆ ಯಾವ ಕೆಲಸ ಇಷ್ಟ?

ಕ್ಲಾಸುಗಳ ಹೆಸರು ನೂರಿದ್ದರೂ ಬೇರು ನಾಲ್ಕೇ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ ಮೇಜಿನ ಆಟದಲ್ಲಿ ಮೂರು ಕ್ಲಾಸುಗಳಿದ್ದವು: ಹೊಡೆದಾಡುವವನು, ಮಂತ್ರ ಹಾಕುವವನು, ದೇವರ ಬಲದಿಂದ ಕಾಯುವವನು. ಮುಂದಿನ ವರ್ಷ ಕಳ್ಳ ಸೇರಿಕೊಂಡ. ಈಗಿನ ಗೇಮುಗಳಲ್ಲಿ ಕಾಣುವ ಬಹುಪಾಲು ಕ್ಲಾಸು ಈ ನಾಲ್ಕರಲ್ಲಿ ಒಂದು, ಇಲ್ಲ ಎರಡರ ಬೆರಕೆ. ಪ್ಯಾಲಡಿನ್ ಅಂದರೆ ಹೊಡೆದಾಟದ ಜೊತೆ ದೈವಬಲ. ಹೀಗೆ ಬಿಡಿಸಿ ನೋಡಿದರೆ ಹನ್ನೆರಡರ ಸಾಲು ಅಷ್ಟೇನೂ ಭಯ ಹುಟ್ಟಿಸುವುದಿಲ್ಲ.

ಈಗ ಒಂದೊಂದರಲ್ಲೂ ನಿಮಿಷ ನಿಮಿಷಕ್ಕೆ ಏನು ಮಾಡುತ್ತೀರಿ ನೋಡೋಣ.

ವಾರಿಯರ್, ನೈಟ್, ಬಾರ್ಬೇರಿಯನ್ ತರಹದವರು ಶತ್ರುವಿನ ಹತ್ತಿರ ಹೋಗಬೇಕು. ಯಾವಾಗ ಹೊಡೆಯಬೇಕು, ಯಾವಾಗ ಗುರಾಣಿ ಎತ್ತಬೇಕು, ಯಾವಾಗ ಪಕ್ಕಕ್ಕೆ ಉರುಳಬೇಕು ಅನ್ನೋದೇ ಆಟ. ಮೆನು ತೆರೆಯುವ ಕೆಲಸ ಕಡಿಮೆ. ರಕ್ಷಾಕವಚ ಗಟ್ಟಿ ಇರುವುದರಿಂದ ಒಂದೆರಡು ತಪ್ಪಿಗೆ ಸಾಯುವುದಿಲ್ಲ. ವಾರಿಯರ್ ಅಂದರೆ ಬೋರು ಅಂತ ಮೂಗು ಮುರಿಯುವವರು ತುಂಬ ಜನ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಹೊಸ ಗೇಮಿನಲ್ಲಿ ದಾರಿ, ಕಥೆ, ಶತ್ರು, ನಿಯಂತ್ರಣ ಎಲ್ಲವನ್ನೂ ಒಟ್ಟಿಗೆ ಕಲಿಯಬೇಕಿರುತ್ತದೆ. ಅಂಥ ಹೊತ್ತಿನಲ್ಲಿ ಕ್ಲಾಸ್ ಸರಳವಾಗಿದ್ದರೆ ಉಳಿದದ್ದರ ಕಡೆ ಗಮನ ಹೋಗುತ್ತದೆ. ಸುತ್ತಲಿನ ಲೋಕ ನೋಡುತ್ತಾ ಆಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೇ ಆಯ್ಕೆ ಕಡಿಮೆ.

ಮಂತ್ರವಾದಿ ಕ್ಲಾಸುಗಳಲ್ಲಿ ಕೈಗಿಂತ ತಲೆಗೆ ಕೆಲಸ ಜಾಸ್ತಿ. ಯಾವ ಸ್ಪೆಲ್ (ಮಂತ್ರ) ಇಟ್ಟುಕೊಳ್ಳಲಿ, ಮ್ಯಾನಾ (ಮಂತ್ರಶಕ್ತಿ) ಎಷ್ಟು ಉಳಿದಿದೆ, ಈ ಗುಂಪಿನ ಮೇಲೆ ಬೆಂಕಿ ಹಾಕಿಬಿಡಲಾ ಅಥವಾ ಮುಂದಿನ ಬಾಸಿಗೆ ಉಳಿಸಲಾ ಅನ್ನೋ ಲೆಕ್ಕ ಮುಗಿಯುವುದೇ ಇಲ್ಲ. ಶುರುವಿನಲ್ಲಿ ಎರಡು ಏಟಿಗೆ ಬೀಳುತ್ತೀರಿ. ಲೆವೆಲ್ ಏರಿದ ಮೇಲೆ ಒಂದೇ ಮಂತ್ರಕ್ಕೆ ಅರ್ಧ ರಣರಂಗ ಖಾಲಿ. ಹಾಗಾಗಿ ಮೊದಲ ಐದಾರು ಗಂಟೆ ನೋಡಿ ಮಂತ್ರವಾದಿಯ ಬಗ್ಗೆ ತೀರ್ಮಾನ ಕೊಡಬೇಡಿ.

ಮಂತ್ರ ಆರಿಸುವವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು: ಆ ಗೇಮಿನಲ್ಲಿ ಶಕ್ತಿ ಹೇಗೆ ವಾಪಸ್ ಬರುತ್ತದೆ? ಸುಮ್ನೆ ನಿಂತರೆ ಮ್ಯಾನಾ ತುಂಬುತ್ತದಾ, ಔಷಧಿ ಕುಡಿಯಬೇಕಾ, ಮಲಗಿ ಏಳಬೇಕಾ? ಬಾಲ್ಡರ್ಸ್ ಗೇಟ್ 3ರಲ್ಲಿ ವಿಝರ್ಡ್‌ಗೆ ಸ್ಪೆಲ್ ಸ್ಲಾಟುಗಳು (ಎಷ್ಟು ಸಲ ಮಂತ್ರ ಹಾಕಬಹುದು ಅನ್ನೋ ಲೆಕ್ಕ) ಪೂರ್ತಿ ತುಂಬಬೇಕಾದರೆ ರಾತ್ರಿ ಕ್ಯಾಂಪಿನಲ್ಲಿ ಮಲಗಲೇಬೇಕು. ಅದಕ್ಕೆ ಸಾಧಾರಣ ಮಟ್ಟದಲ್ಲಿ 40 ಕ್ಯಾಂಪ್ ಸಾಮಗ್ರಿ ಬೇಕು. ಅದೇ ವಾರ್‌ಲಾಕ್‌ಗೆ ಸ್ಲಾಟುಗಳು ಕಡಿಮೆ, ಆದರೆ ಸಣ್ಣ ವಿಶ್ರಾಂತಿಗೇ ತುಂಬಿಕೊಳ್ಳುತ್ತವೆ. ಇಬ್ಬರೂ ಮಂತ್ರವಾದಿಗಳೇ. ಆದರೆ ಒಬ್ಬರಿಗೆ ಯಾವಾಗ ಖರ್ಚು ಮಾಡಬೇಕು ಅನ್ನೋ ಲೆಕ್ಕಾಚಾರ ಬೇಕು, ಇನ್ನೊಬ್ಬರಿಗೆ ಅಷ್ಟು ಬೇಡ. ಬಾಟಲಿಗಟ್ಟಲೆ ಔಷಧಿ ಕೂಡಿಟ್ಟು ಒಂದನ್ನೂ ಕುಡಿಯದೆ ಗೇಮ್ ಮುಗಿಸುವ ಪೈಕಿ ನೀವಾದರೆ ವಾರ್‌ಲಾಕ್ ಕಡೆ ನೋಡಿ. ವಿಝರ್ಡ್ ಆದರೆ ದೊಡ್ಡ ಸ್ಪೆಲ್ಲುಗಳನ್ನು ಹಾಗೇ ಇಟ್ಟುಕೊಂಡು ಕೂರುತ್ತೀರಿ.

ಕಳ್ಳ, ರೋಗ್, ಅಸ್ಯಾಸಿನ್ ಕ್ಲಾಸುಗಳಿಗೆ ತಾಳ್ಮೆ ಬೇಕು. ಕಾಯುವುದು, ಕಾವಲುಗಾರ ಯಾವ ಕಡೆ ತಿರುಗುತ್ತಾನೆ ನೋಡುವುದು, ಹಿಂದಿನಿಂದ ಒಂದೇ ಏಟು. ಸಿಕ್ಕಿಬಿದ್ದರೆ ಮತ್ತೆ ಲೋಡ್. ಸೇವ್ ಒತ್ತುತ್ತಾ ಒತ್ತುತ್ತಾ ಒಂದು ಕೋಟೆ ದಾಟಲು ಇಡೀ ಸಂಜೆ ಕಳೆಯುವುದು ಖುಷಿ ಅನಿಸಿದರೆ ಇದು ನಿಮ್ಮ ಕ್ಲಾಸ್. ಬಾಸ್ ಜೊತೆಗಿನ ಕಾಳಗದಲ್ಲಿ ಮಾತ್ರ ಬಚ್ಚಿಟ್ಟುಕೊಳ್ಳಲು ಜಾಗ ಇರುವುದಿಲ್ಲ. ಅಲ್ಲಿ ಕಷ್ಟಪಡುವುದಕ್ಕೆ ತಯಾರಿರಿ.

ಹೀಲರ್ ಅಥವಾ ಕ್ಲೆರಿಕ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬರೀ ಗಾಯ ವಾಸಿ ಮಾಡುವ ಕ್ಲಾಸನ್ನು ಮುಖ್ಯ ಪಾತ್ರಕ್ಕೆ ಕೊಡುವುದು ಒಬ್ಬರೇ ಆಡುವಾಗ ನನಗೇನೂ ರುಚಿಸುವುದಿಲ್ಲ. ಬೇರೆಯವರನ್ನು ಬದುಕಿಸುವ ಖುಷಿ ಬರುವುದು ಆ ಬೇರೆಯವರು ನಿಜವಾದ ಮನುಷ್ಯರಾದಾಗ. ಆದರೆ ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್) ಮೂಲದ ಗೇಮುಗಳ ಕ್ಲೆರಿಕ್ ಹೀಗಲ್ಲ. ಅವರು ಗದೆ ಹಿಡಿದು ಮುಂದೆ ನಿಂತು ಹೊಡೆಯುತ್ತಾರೆ ಕೂಡ.

ಇಷ್ಟು ಓದಿಯೂ ಗೊತ್ತಾಗಲಿಲ್ಲ ಅಂದರೆ ಒಂದು ಉಪಾಯ ಇದೆ. ನಿಮಗೆ ಬೇಕಾದ ಕ್ಲಾಸಿನ ಒಂದು ವಿಡಿಯೊ ಹುಡುಕಿ. ಬಾಸ್ ಕಾಳಗದ್ದು ಬೇಡ, ಅದರಲ್ಲಿ ಎಲ್ಲವೂ ರೋಚಕವಾಗೇ ಕಾಣುತ್ತದೆ. ಗೇಮಿನ ಮಧ್ಯದ ಯಾವುದೋ ಗುಹೆಯಲ್ಲಿ ಮಾಮೂಲಿ ನಾಲ್ಕು ಶತ್ರುಗಳ ಜೊತೆಗಿನ ಕಾಳಗ ನೋಡಿ. ಅಂಥದ್ದನ್ನೇ ನೀವು ನೂರಾರು ಸಲ ಮಾಡಲಿದ್ದೀರಿ. ಅದು ನೋಡಲು ಚೆನ್ನಾಗಿದ್ದರೆ ಆಡಲೂ ಚೆನ್ನಾಗಿರುತ್ತದೆ.

ಕಾಳಗವೇ ಇಲ್ಲದ ಆರ್‌ಪಿಜಿಯಲ್ಲಿ ಈ ಲೆಕ್ಕ ಬದಲಾಗುತ್ತದೆ. 2019ರ ಡಿಸ್ಕೋ ಎಲಿಸಿಯಮ್‌ನಲ್ಲಿ 24 ಸ್ಕಿಲ್ಲುಗಳಿವೆ. ಅವು ಪತ್ತೇದಾರನ ತಲೆಯೊಳಗೆ ದನಿಗಳಾಗಿ ಮಾತಾಡುತ್ತವೆ. ಯಾವುದಕ್ಕೆ ಜಾಸ್ತಿ ಪಾಯಿಂಟ್ ಕೊಡುತ್ತೀರೋ ಆ ದನಿ ಜಾಸ್ತಿ ಬಾಯಿ ಹಾಕುತ್ತದೆ. ಅಲ್ಲಿ ಕ್ಲಾಸ್ ಆರಿಸುವುದು ಅಂದರೆ ಯಾರ ಮಾತು ಕೇಳುತ್ತಾ ಕಥೆ ಓದುತ್ತೀರಿ ಅಂತ ತೀರ್ಮಾನಿಸುವುದು. ಒಂದು ಎಚ್ಚರಿಕೆ ಮಾತ್ರ: ದೇಹಬಲವನ್ನು ತೀರಾ ಕೆಳಗಿಟ್ಟರೆ ಮೊದಲ ಕೋಣೆಯಲ್ಲೇ, ನೇತಾಡುವ ಟೈ ಎಳೆಯಲು ಹೋಗಿ, ಗೇಮ್ ಓವರ್ ಆಗಬಹುದು. ಸೇವ್ ಮಾಡಿ ಎಳೆದು ನೋಡಿ, ತಮಾಷೆಯಾಗಿದೆ.

ಹೆಜ್ಜೆ 3: ಜೊತೆಗೆ ಯಾರಿದ್ದಾರೆ?

ಗೇಮಿನಲ್ಲಿ ನೀವು ಒಂಟಿಯೋ, ಪಾರ್ಟಿ, ಅಂದರೆ ಜೊತೆಗಾರರ ತಂಡ, ಇದೆಯೋ? ಎರಡಕ್ಕೂ ಆಯ್ಕೆಯ ರೀತಿ ಬೇರೆ.

ಪಾರ್ಟಿ ಇದ್ದರೆ ಜೊತೆಗಾರರ ಕ್ಲಾಸುಗಳನ್ನು ಮೊದಲೇ ನೋಡಿಕೊಳ್ಳಿ. ಕಥೆ ಓದಬೇಡಿ, ಹೆಸರು ಮತ್ತು ಕ್ಲಾಸ್ ಸಾಕು. ಬಾಲ್ಡರ್ಸ್ ಗೇಟ್ 3ರಲ್ಲಿ ಶ್ಯಾಡೋಹಾರ್ಟ್ ಕ್ಲೆರಿಕ್, ಅಸ್ಟೇರಿಯನ್ ರೋಗ್, ಗೇಲ್ ವಿಝರ್ಡ್, ಲಾಯೆಝೆಲ್ ಫೈಟರ್, ವಿಲ್ ವಾರ್‌ಲಾಕ್, ಕಾರ್ಲಾಕ್ ಬಾರ್ಬೇರಿಯನ್. ಒಮ್ಮೆಗೆ ನಿಮ್ಮನ್ನೂ ಸೇರಿಸಿ ನಾಲ್ಕು ಜನ. ನೀವೂ ರೋಗ್ ಆದರೆ ಅಸ್ಟೇರಿಯನ್ ಕ್ಯಾಂಪಿನಲ್ಲಿ ಕೂರುತ್ತಾನೆ. ಅವನ ಕಥೆ ನಿಮಗೆ ಇಷ್ಟ ಆದರೆ ಅಲ್ಲೇ ಪೇಚು. ಈ ಪಟ್ಟಿಯಲ್ಲಿ ಬಾರ್ಡ್ (ಹಾಡುಗಾರ) ಇಲ್ಲ, ಪ್ಯಾಲಡಿನ್ ಇಲ್ಲ, ಸಾರ್ಸರರ್ ಇಲ್ಲ, ಮಾಂಕ್ ಇಲ್ಲ. ಆ ಖಾಲಿ ಜಾಗದಲ್ಲಿ ನೀವು ಕೂತರೆ ಯಾರನ್ನು ಬೇಕಾದರೂ ಕರೆದುಕೊಂಡು ಹೋಗಬಹುದು.

ಅದರಲ್ಲೂ ಮಾತಿನ ಕಡೆ ಗಮನ ಕೊಡಿ. ಕಥೆಯ ಮುಖ್ಯ ಸಂಭಾಷಣೆಗಳಲ್ಲಿ ಹೆಚ್ಚಾಗಿ ಮಾತಾಡುವುದು ನಿಮ್ಮ ಪಾತ್ರವೇ. ಒಪ್ಪಿಸುವುದು, ಹೆದರಿಸುವುದು, ಸುಳ್ಳು ಹೇಳುವುದು ಎಲ್ಲ ಕರಿಸ್ಮಾ ಅನ್ನೋ ಸ್ಟ್ಯಾಟಿನ ಮೇಲೆ ನಿಂತಿದೆ. ಬಾರ್ಡ್, ಸಾರ್ಸರರ್, ವಾರ್‌ಲಾಕ್, ಪ್ಯಾಲಡಿನ್ ಈ ನಾಲ್ಕಕ್ಕೂ ಕಾಳಗಕ್ಕೆ ಬೇಕಾದ ಸ್ಟ್ಯಾಟೂ ಕರಿಸ್ಮಾವೇ, ಕಡೇ ಪಕ್ಷ ಅರ್ಧ. ಒಂದೇ ಕಡೆ ಹಾಕಿದ ಪಾಯಿಂಟ್ ಎರಡು ಕಡೆ ಕೆಲಸಕ್ಕೆ ಬರುತ್ತದೆ. ಈ ಗೇಮಿಗೆ ನನ್ನ ಸಲಹೆ ಕೇಳಿದರೆ ಬಾರ್ಡ್. ಕತ್ತಿ ಹಿಡಿಯುತ್ತಾನೆ, ಮಂತ್ರ ಹಾಕುತ್ತಾನೆ, ಬೀಗ ತೆಗೆಯಲೂ ಬಗ್ಗಿಸಬಹುದು, ಮಾತಿನಲ್ಲಿ ಎಲ್ಲರನ್ನೂ ಮಲಗಿಸುತ್ತಾನೆ.

ಪಾರ್ಟಿಯ ಒಳಗೇ ಇನ್ನೊಂದು ಹೊಂದಾಣಿಕೆ ಇರುತ್ತದೆ. ಒರಿಜಿನಲ್ ಸಿನ್ 2ರಲ್ಲಿ ಪ್ರತಿ ಶತ್ರುವಿಗೂ ಎರಡು ಬಗೆಯ ಕವಚ: ಆಯುಧದ ಏಟು ತಡೆಯಲು ಒಂದು, ಮಂತ್ರ ತಡೆಯಲು ಒಂದು. ಕವಚ ಒಡೆದ ಮೇಲೇ ಪ್ರಾಣಕ್ಕೆ ಏಟು ತಗಲುವುದು. ಇಬ್ಬರು ಕತ್ತಿ, ಇಬ್ಬರು ಮಂತ್ರ ಅಂತ ಹಂಚಿಕೊಂಡರೆ ಇಬ್ಬರೂ ಬೇರೆ ಬೇರೆ ಗೋಡೆ ಒಡೆಯುತ್ತಾ ಕೂರಬೇಕಾಗುತ್ತದೆ. ಹೆಚ್ಚಿನವರು ಒಂದೇ ಕಡೆ ವಾಲಿದರೆ ಕಾಳಗ ಬೇಗ ಮುಗಿಯುತ್ತದೆ.

ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಬೀಗ ತೆಗೆಯುವ ವಿದ್ಯೆ ರೋಗ್‌ಗೆ ಮಾತ್ರ. ನೀವು ರೋಗ್ ಅಲ್ಲದಿದ್ದರೆ ಲೆಲಿಯಾನಾನೋ ಝೆವ್ರಾನೋ ಸದಾ ಪಾರ್ಟಿಯಲ್ಲಿರಬೇಕು. ಇಲ್ಲದಿದ್ದರೆ ಬೀಗ ಹಾಕಿದ ಪೆಟ್ಟಿಗೆಗಳ ಮುಂದೆ ನಿಂತು ಹಲ್ಲು ಕಡಿಯಬೇಕು. ಪೆಟ್ಟಿಗೆ ಬಿಟ್ಟು ಮುಂದೆ ಹೋಗಲಾರದ ಜಾತಿಯವರು ಇದನ್ನು ನೆನಪಿಡಿ.

ಒಂಟಿಯಾಗಿ ಆಡುವ ಗೇಮಾದರೆ ಪ್ರಶ್ನೆ ನೇರ. ಶತ್ರು ನಿಮ್ಮ ಮೇಲೇ ಬರುತ್ತಾನೆ, ಅಡ್ಡ ನಿಲ್ಲುವವರು ಯಾರು? ಎಲ್ಡನ್ ರಿಂಗ್‌ನ ಮಂತ್ರವಾದಿಗೆ ಉತ್ತರ ಇದೆ. ಸ್ಪಿರಿಟ್ ಆ್ಯಶ್, ಅಂದರೆ ಜೊತೆಗೆ ಹೋರಾಡುವ ಆತ್ಮ, ಕರೆದು ಅದನ್ನು ಮುಂದೆ ಬಿಟ್ಟು ದೂರದಿಂದ ಹೊಡೆಯಬಹುದು. ಇಂಥ ಆಸರೆ ಇಲ್ಲದ ಗೇಮಿನಲ್ಲಿ ಮೊದಲ ಸಲವೇ ಬಡಕಲು ಮಂತ್ರವಾದಿಯಾಗಬೇಡಿ.

ಹೆಜ್ಜೆ 4: ವರ್ಣನೆ ಬಿಡಿ, ಅಂಕಿ ನೋಡಿ

"ನೆರಳಿನಿಂದ ಹುಟ್ಟಿದ ಯೋಧ" ಅಂತೆಲ್ಲ ಬರೆದಿರುತ್ತಾರೆ. ಓದಲು ಚೆಂದ. ನಿಮಗೆ ಬೇಕಾದದ್ದು ಅದರ ಕೆಳಗಿನ ಸಣ್ಣ ಅಂಕಿಗಳು.

ಎಲ್ಡನ್ ರಿಂಗ್‌ನ 10 ಕ್ಲಾಸುಗಳನ್ನೇ ತೆಗೆದುಕೊಳ್ಳಿ. ಅಲ್ಲಿ ಕ್ಲಾಸ್ ಅಂದರೆ ಶುರುವಿನ ಅಂಕಿಗಳು ಮತ್ತು ಶುರುವಿನ ಸಾಮಾನು, ಅಷ್ಟೇ. ವ್ಯಾಗಬಾಂಡ್ 9ನೇ ಲೆವೆಲ್ಲಿನಲ್ಲಿ ಶುರುವಾಗುತ್ತಾನೆ. ವಿಗರ್, ಅಂದರೆ ಪ್ರಾಣ, 15. ಮೈ ತುಂಬ ಕವಚ, ಒಳ್ಳೇ ಗುರಾಣಿ. ಹೊಸಬರಿಗೆ ಕಣ್ಣು ಮುಚ್ಚಿ ಹೇಳಬಹುದಾದ ಆಯ್ಕೆ. ಸಮುರಾಯ್ ಕೂಡ 9ನೇ ಲೆವೆಲ್. ಅವನ ಡೆಕ್ಸ್‌ಟೆರಿಟಿ, ಅಂದರೆ ಕೈಚುರುಕು, 15, ಕೈಯಲ್ಲಿ ಉಚಿಗತಾನಾ ಅನ್ನೋ ಕತ್ತಿ. ಅದನ್ನು ಹಿಡಿಯಲು ಬೇಕಾದ ಡೆಕ್ಸ್‌ಟೆರಿಟಿಯೂ ಸರಿಯಾಗಿ 15. ಜೊತೆಗೆ ಬಿಲ್ಲು, ಬಾಣ. ದೂರದಿಂದಲೂ ಹೊಡೆಯಬಹುದು. ಆಸ್ಟ್ರಾಲಜರ್‌ಗೆ ಮಂತ್ರಕ್ಕೆ ಬೇಕಾದ ಇಂಟೆಲಿಜೆನ್ಸ್ 16, ಆದರೆ ವಿಗರ್ ಬರೀ 9. ಇನ್ನು ರೆಚ್. ಲೆವೆಲ್ 1, ಎಲ್ಲ ಅಂಕಿಯೂ 10, ಮೈಮೇಲೆ ಬಟ್ಟೆಯೂ ನೆಟ್ಟಗಿಲ್ಲ, ಕೈಯಲ್ಲೊಂದು ದೊಣ್ಣೆ. 'ಏನು ಬೇಕಾದರೂ ಆಗಬಹುದು' ಅಂತ ಹೊಸಬರು ಇದನ್ನು ಆರಿಸುವುದುಂಟು. ಯಾವ ಕ್ಲಾಸಿನಿಂದ ಹೊರಟರೂ ಮುಂದೆ ಏನು ಬೇಕಾದರೂ ಆಗಬಹುದು. ಸುಮ್ನೆ ಯಾಕೆ ಬರಿಮೈಯಲ್ಲಿ ಓಡಾಡಬೇಕು?

ಅಂಕಿ ನೋಡದಿದ್ದರೆ ನಿಜವಾಗಿ ಕಷ್ಟ ಕೊಡುವ ಗೇಮುಗಳೂ ಇವೆ. 2002ರ ಮೊರೋವಿಂಡ್‌ನಲ್ಲಿ ಕತ್ತಿ ಶತ್ರುವಿನ ಮೈಯೊಳಗೆ ಹೋದದ್ದು ಕಣ್ಣಿಗೆ ಕಂಡರೂ ಏಟು ತಗಲದೇ ಇರಬಹುದು. ಒಳಗೆ ದಾಳ ಉರುಳುತ್ತಿರುತ್ತದೆ. ಆ ಆಯುಧದ ಸ್ಕಿಲ್ ಕಡಿಮೆಯಾದರೆ ಗಾಳಿಗೆ ಗುದ್ದಿದ ಹಾಗೆ. ಆದ್ದರಿಂದ ಯಾವ ಬಗೆಯ ಆಯುಧ ಹಿಡಿಯುತ್ತೀರೋ ಅದು ನಿಮ್ಮ ಮೇಜರ್ (ಮುಖ್ಯ) ಸ್ಕಿಲ್ಲುಗಳಲ್ಲಿ ಇರಲೇಬೇಕು. ಸುಸ್ತಾದಾಗಲೂ ಗುರಿ ತಪ್ಪುತ್ತದೆ. ಓಡೋಡಿ ಹೋಗಿ ಹೊಡೆಯಬೇಡಿ.

2006ರ ಒಬ್ಲಿವಿಯನ್‌ದು ಇನ್ನೊಂದು ಕತೆ. ಅಲ್ಲಿ 21 ಸಿದ್ಧ ಕ್ಲಾಸುಗಳಿದ್ದವು, ನಿಮ್ಮದೇ ಒಂದನ್ನು ಕಟ್ಟಿಕೊಳ್ಳಲೂಬಹುದಿತ್ತು. 7 ಮೇಜರ್ ಸ್ಕಿಲ್ಲುಗಳಲ್ಲಿ ಒಟ್ಟು 10 ಸಲ ಏರಿಕೆ ಆದರೆ ಒಂದು ಲೆವೆಲ್. ನೀವು ಬೆಳೆದ ಹಾಗೆ ಲೋಕದ ಶತ್ರುಗಳೂ ಬೆಳೆಯುತ್ತಾರೆ. ಈಗ ಓಡುವ, ಹಾರುವ ಸ್ಕಿಲ್ಲುಗಳನ್ನು ಮೇಜರ್‌ಗೆ ಹಾಕಿಕೊಂಡರೆ ಏನಾಗುತ್ತದೆ? ಸುಮ್ನೆ ಊರು ಸುತ್ತಿದರೂ ಲೆವೆಲ್ ಏರುತ್ತದೆ. ಶತ್ರುಗಳು ಬಲಿಯುತ್ತಾರೆ, ನಿಮ್ಮ ಕತ್ತಿ ಮಾತ್ರ ಇದ್ದಲ್ಲೇ ಇರುತ್ತದೆ. 2025ರ ರಿಮಾಸ್ಟರ್‌ನಲ್ಲಿ (ಹೊಸದಾಗಿ ತಿದ್ದಿದ ಆವೃತ್ತಿಯಲ್ಲಿ) ಲೆವೆಲ್ ಏರುವ ಕ್ರಮವನ್ನು ಬದಲಾಯಿಸಿದ್ದಾರೆ. ಹಳೇದನ್ನು ಆಡುವವರು ಮಾತ್ರ ಕಾಳಗದ ಸ್ಕಿಲ್ಲುಗಳನ್ನು ನೋಡಿ ಆರಿಸಿ.

ಹೆಜ್ಜೆ 5: ಒಂದು ಸೇವ್ ಎತ್ತಿಡಿ, ಎರಡು ಕ್ಲಾಸ್ ಆಡಿ ನೋಡಿ

ಇಷ್ಟು ಹೊತ್ತಿಗೆ ಹನ್ನೆರಡು ಹೋಗಿ ಎರಡೋ ಮೂರೋ ಉಳಿದಿರುತ್ತವೆ. ಇನ್ನು ಓದಿ ಪ್ರಯೋಜನ ಇಲ್ಲ, ಆಡಿಯೇ ನೋಡಬೇಕು.

ಹಲವು ಗೇಮುಗಳು ಶುರುವಿನ ಪಾಠ ಮುಗಿಯುವ ಜಾಗದಲ್ಲಿ ಇನ್ನೊಂದು ಅವಕಾಶ ಕೊಡುತ್ತವೆ. ಒಬ್ಲಿವಿಯನ್‌ನಲ್ಲಿ ಚರಂಡಿಯಿಂದ ಹೊರಬರುವ ಬಾಗಿಲಲ್ಲಿ ಕ್ಲಾಸು, ರೇಸು ಎಲ್ಲ ತಿದ್ದಬಹುದು. 2010ರ ಫಾಲ್‌ಔಟ್: ನ್ಯೂ ವೆಗಾಸ್‌ನಲ್ಲಿ ಗುಡ್‌ಸ್ಪ್ರಿಂಗ್ಸ್ ಊರು ದಾಟುವಾಗ ಹೀಗೇ ಕೇಳುತ್ತದೆ. ಆ ಗೆರೆಯ ಈಚೆಗೆ ಒಂದು ಸೇವ್ ಮಾಡಿ, ಅದರ ಮೇಲೆ ಮತ್ತೆ ಬರೆಯದೆ ಎತ್ತಿಡಿ. ಮುಂದೆ ಯಾವಾಗ ಹೊಸ ಕ್ಯಾರೆಕ್ಟರ್ ಬೇಕೆನಿಸಿದರೂ ಪಾಠವನ್ನೆಲ್ಲ ಮತ್ತೆ ಆಡಬೇಕಾಗುವುದಿಲ್ಲ. ಆಟೋಸೇವ್ ನಂಬಬೇಡಿ, ಅದು ತನ್ನ ಪಾಡಿಗೆ ಹಳೇದನ್ನು ಅಳಿಸುತ್ತದೆ.

ಆಮೇಲೆ ಎರಡು ಕ್ಲಾಸುಗಳನ್ನು ಒಂದೇ ಜಾಗದವರೆಗೆ ಆಡಿ. ಪಾಠದ ಭಾಗದೊಳಗೆ ಎಲ್ಲ ಕ್ಲಾಸೂ ಒಂದೇ ತರ ಅನಿಸುತ್ತವೆ, ಯಾಕಂದರೆ ವಿಶೇಷ ಶಕ್ತಿಗಳು ಇನ್ನೂ ಬಂದಿರುವುದಿಲ್ಲ. ಅದು ಮುಗಿದು, ಎರಡು ಮೂರು ಲೆವೆಲ್ ಏರಿ, ಎರಡು ಮಾಮೂಲಿ ಕಾಳಗ, ಒಂದು ಉದ್ದದ ಮಾತುಕತೆ ಆಗುವವರೆಗೆ ಹೋಗಿ. ಗೆದ್ದಿರಾ ಸೋತಿರಾ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಮುಂದಿನ ಕೋಣೆಯಲ್ಲಿ ಶತ್ರುಗಳು ಕಂಡಾಗ 'ಬರಲಿ ಬರಲಿ' ಅನಿಸಿತಾ, 'ಅಯ್ಯೋ ಮತ್ತೆ' ಅನಿಸಿತಾ? ಅದೇ ಉತ್ತರ.

ಹೆಜ್ಜೆ 6: ಬೆರಕೆ ಕ್ಲಾಸ್ ಈಗ ಬೇಡ

ಮಲ್ಟಿಕ್ಲಾಸ್, ಅಂದರೆ ಒಂದೇ ಪಾತ್ರದಲ್ಲಿ ಎರಡು ಕ್ಲಾಸ್ ಬೆರೆಸುವುದು, ಮಾಡುವ ಅವಕಾಶ ಇದ್ದರೆ ಕೈ ತುರಿಸುತ್ತದೆ. ಮೊದಲ ಸಲ ಬಿಟ್ಟುಬಿಡಿ. ಬಾಲ್ಡರ್ಸ್ ಗೇಟ್ 3ರಲ್ಲಿ 12ನೇ ಲೆವೆಲ್ಲೇ ಕೊನೆ. ಅದರಲ್ಲಿ 5ನೇ ಲೆವೆಲ್ ದೊಡ್ಡ ಮೆಟ್ಟಿಲು. ಫೈಟರ್, ಬಾರ್ಬೇರಿಯನ್, ಪ್ಯಾಲಡಿನ್ ತರಹದವರಿಗೆ ಒಂದೇ ಸರದಿಯಲ್ಲಿ ಎರಡು ಏಟು ಅಲ್ಲಿ ಸಿಗುತ್ತದೆ. ವಿಝರ್ಡ್‌ಗೆ ಫೈರ್‌ಬಾಲ್ ಅಲ್ಲಿ ಸಿಗುತ್ತದೆ. ಮೂರು ಲೆವೆಲ್ ಇಲ್ಲಿ, ಎರಡು ಅಲ್ಲಿ ಅಂತ ಹಂಚಿದರೆ ಎರಡೂ ಸಿಗುವುದಿಲ್ಲ. ಉಳಿದವರೆಲ್ಲ ಮೆಟ್ಟಿಲು ಹತ್ತಿದಾಗ ನೀವೊಬ್ಬರೇ ಕೆಳಗಿರುತ್ತೀರಿ. ಆಸೆ ತಡೆಯದಿದ್ದರೆ 5ನೇ ಲೆವೆಲ್ ಮುಗಿದ ಮೇಲೆ ಮಾಡಿ.

ಹೆಜ್ಜೆ 7: ಬೇಜಾರಾದರೆ ಏನು ಮಾಡಬೇಕು

ಅರ್ಧ ದಾರಿಯಲ್ಲಿ ಬೇಜಾರಾಯಿತು ಅಂದುಕೊಳ್ಳಿ. ಹೊಸ ಕ್ಯಾರೆಕ್ಟರ್ ಮಾಡುವ ಮುಂಚೆ ಮೂರು ವಿಷಯ ನೋಡಿ. ಆಯುಧ ಹಳೇದಾಗಿದೆಯಾ? ಎಷ್ಟೋ ಸಲ ಕ್ಲಾಸ್ ದುರ್ಬಲ ಅನಿಸುವುದಕ್ಕೆ ಕಾರಣ ಹತ್ತು ಲೆವೆಲ್ ಹಿಂದಿನ ಕತ್ತಿ. ಹೊಸದಾಗಿ ಬಂದ ಸ್ಕಿಲ್ಲುಗಳನ್ನು ಬಳಸುತ್ತಿದ್ದೀರಾ, ಅಥವಾ ಮೊದಲ ದಿನ ಕಲಿತ ಎರಡೇ ಗುಂಡಿ ಒತ್ತುತ್ತಿದ್ದೀರಾ? ಕಷ್ಟದ ಮಟ್ಟ ನಿಮಗೆ ಸರಿಯಾಗಿದೆಯಾ? ಅದನ್ನು ಒಂದು ಮೆಟ್ಟಿಲು ಇಳಿಸಲು ನಾಚಿಕೆ ಬೇಡ. ಮೇಲೇರಿಸಿದರೂ ಬೇಜಾರು ಹೋಗುವುದುಂಟು.

ಕ್ಲಾಸೇ ಇಲ್ಲದ ಗೇಮಿನಲ್ಲಿ ಬೇಜಾರು ಬೇರೆ ರೀತಿ ಬರುತ್ತದೆ. 2011ರ ಸ್ಕೈರಿಮ್‌ನಲ್ಲಿ 18 ಸ್ಕಿಲ್ಲುಗಳು, ಯಾವುದನ್ನು ಬಳಸುತ್ತೀರೋ ಅದು ಬೆಳೆಯುತ್ತದೆ. ಮಂತ್ರವಾದಿ ಆಗುತ್ತೇನೆ ಅಂತ ಹೊರಟವರೂ ಕೊನೆಗೆ ಬಗ್ಗಿ ಕೂತು ಬಾಣ ಬಿಡುತ್ತಿರುತ್ತಾರೆ. ಇದು ಆಟಗಾರರ ನಡುವೆ ಹಳೇ ಜೋಕ್. ಕಾರಣ ಸುಲಭ: ಬಚ್ಚಿಟ್ಟುಕೊಂಡು ಬಿಟ್ಟ ಬಾಣಕ್ಕೆ ಶುರುವಿನಿಂದಲೇ ಎರಡರಷ್ಟು ಏಟು, ಒಂದು ಪರ್ಕ್ (ಸ್ಕಿಲ್ಲಿಗೆ ಸೇರಿಸಿಕೊಳ್ಳುವ ಹೆಚ್ಚಿನ ಶಕ್ತಿ) ತೆಗೆದುಕೊಂಡರೆ ಮೂರರಷ್ಟು. ಲಾಭದ ದಾರಿ ಕಂಡರೆ ಕೈ ತಾನಾಗೇ ಅತ್ತ ಹೋಗುತ್ತದೆ ಅಲ್ವಾ? ಇಂಥ ಗೇಮಿನಲ್ಲಿ ಶುರು ಮಾಡುವಾಗಲೇ ನಿಮಗೆ ನೀವೇ ಒಂದು ಬೇಲಿ ಹಾಕಿಕೊಳ್ಳಿ. 'ಬಿಲ್ಲು ಮುಟ್ಟುವುದಿಲ್ಲ' ಅಥವಾ 'ಭಾರದ ಕವಚ ಹಾಕುವುದಿಲ್ಲ', ಒಂದೇ ಸಾಕು. ರಿವರ್‌ವುಡ್ ಅನ್ನೋ ಊರಿನ ಹತ್ತಿರ ಸಿಗುವ ಮೂರು ಕಲ್ಲುಗಳಲ್ಲಿ ವಾರಿಯರ್, ಮೇಜ್, ಥೀಫ್ ಯಾವುದನ್ನು ಮುಟ್ಟಿದರೂ ಆ ಬಗೆಯ ಸ್ಕಿಲ್ಲುಗಳು 20 ಶೇಕಡ ಬೇಗ ಬೆಳೆಯುತ್ತವೆ. ಆ ಕಲ್ಲನ್ನೇ ನಿಮ್ಮ ಕ್ಲಾಸ್ ಅಂದುಕೊಳ್ಳಬಹುದು.

ಪಾರ್ಟಿ ಇರುವ ಗೇಮಿನಲ್ಲಾದರೆ ಇನ್ನೂ ಸುಲಭದ ದಾರಿ ಇದೆ. ನಿಮಗೆ ಕುತೂಹಲ ಇರುವ ಕ್ಲಾಸಿನ ಜೊತೆಗಾರರನ್ನು ಪಾರ್ಟಿಗೆ ಹಾಕಿಕೊಂಡು ಕಾಳಗದಲ್ಲಿ ಅವರನ್ನು ನೀವೇ ನಡೆಸಿ. ಡ್ರ್ಯಾಗನ್ ಏಜ್: ಒರಿಜಿನ್ಸ್‌ನಲ್ಲಿ ಡ್ವಾರ್ಫ್ ಆಗಿ ಶುರು ಮಾಡಿದವರು ಮೇಜ್ ಆಗುವಂತಿಲ್ಲ, ಗೇಮ್ ಒಪ್ಪುವುದೇ ಇಲ್ಲ. ಆದರೆ ಮಾರಿಗನ್ ಮತ್ತು ವಿನ್ ಇಬ್ಬರೂ ಮೇಜ್‌ಗಳು. ಕಾಳಗದ ಮಧ್ಯೆ ಗೇಮನ್ನು ಒಂದು ಕ್ಷಣ ನಿಲ್ಲಿಸಿ ಅವರ ಸ್ಪೆಲ್ಲುಗಳನ್ನು ಒಂದೊಂದಾಗಿ ಹಾಕಿ ನೋಡಿ. ಎರಡನೇ ಸಲ ಗೇಮ್ ಶುರು ಮಾಡುವಾಗ ಹ್ಯೂಮನ್ ಅಥವಾ ಎಲ್ಫ್ ಆರಿಸಿ ಮೇಜ್ ಆಗಬೇಕಾ ಬೇಡವಾ ಅಂತ ಆಗ ಯಾರನ್ನೂ ಕೇಳಬೇಕಾಗುವುದಿಲ್ಲ.